ಟೈಪ್ 56 ರೈಫಲ್: ಯಾವ ಭಾಗ ಕಾರ್ಖಾನೆಯದು, ಯಾವುದು ಆಮೇಲೆ ಸೇರಿಸಿದ್ದು

ಸೋವಿಯತ್ ಸಿಮೊನೊವ್ ಎಸ್‌ಕೆಎಸ್ ರೈಫಲ್‌ನ ಚೀನೀ ರೂಪವೇ ಟೈಪ್ 56 ಕಾರ್ಬೈನ್ (ಗಿಡ್ಡ ರೈಫಲ್). ಚೀನಾ ತನ್ನ ಎಕೆ ಮಾದರಿಯ ಬಂದೂಕಿಗೂ ಇದೇ ಹೆಸರಿಟ್ಟಿದೆ, ಹಾಗಾಗಿ ಗೊಂದಲ ಸಹಜ. ಇಲ್ಲಿ ಹೇಳುತ್ತಿರುವುದು 7.62×39 ಮಿ.ಮೀ. ಗುಂಡಿನ, ಹತ್ತು ಗುಂಡು ಹಿಡಿಸುವ ಕಳಚಲಾಗದ ಮ್ಯಾಗಜಿನ್‌ನ, ಮಡಚುವ ಬಯೋನೆಟ್ ಇರುವ ಅರೆಸ್ವಯಂಚಾಲಿತ ರೈಫಲ್ ಬಗ್ಗೆ. 1956ರಿಂದ ತಯಾರಾದ ಈ ರೈಫಲ್‌ಗಳು ಸೈನ್ಯದ ಉಗ್ರಾಣದಿಂದ ಹೊರಬಿದ್ದು ಅಮೆರಿಕ, ಕೆನಡಾದ ಸಂಗ್ರಾಹಕರ ಕೈಗೆ ಲಕ್ಷಗಟ್ಟಲೆ ಬಂದವು.

ಕೊಳ್ಳುವವರು ಮೊದಲು ಕೇಳುವುದು "ಎಲ್ಲ ನಂಬರೂ ಮ್ಯಾಚ್ ಇದೆಯಾ?" ಎಂದು, ಅಂದರೆ ರಿಸೀವರ್‌ನ (ಎಲ್ಲ ಭಾಗ ಕೂರುವ ಉಕ್ಕಿನ ಮೈ) ನಂಬರೇ ಉಳಿದ ಭಾಗಗಳ ಮೇಲೂ ಇದೆಯಾ ಎಂದು. ಕೇಳಬೇಕಾದ್ದು ಅದಲ್ಲ, ಆ ನಂಬರು ಯಾವಾಗ ಬಿತ್ತು ಎಂಬುದು. ಬೇರೆ ನಂಬರಿನ ಮೇಲಿನ ಕವರ್ ಇದ್ದರೆ ಅದು ಸೈನ್ಯದ ದುರಸ್ತಿ ಕೇಂದ್ರದಲ್ಲಿ ಬದಲಾದದ್ದಿರಬಹುದು. ಅದೂ ಆ ರೈಫಲ್‌ನ ಚರಿತ್ರೆಯೇ. ನಿನ್ನೆ ಮೊನ್ನೆ ಯಾರೋ ಮನೆಯಲ್ಲಿ ಪಂಚ್ ಹೊಡೆದು ಕೂಡಿಸಿದ ನಂಬರು ಹಾಗಲ್ಲ, ಅದು ಮೋಸ.

ಬಿಚ್ಚುವಾಗ

ಮೊದಲು ಬೋಲ್ಟ್ (ಗುಂಡನ್ನು ಒಳತಳ್ಳಿ ಮುಚ್ಚುವ ಭಾಗ) ಹಿಂದಕ್ಕೆಳೆದು, ಮ್ಯಾಗಜಿನ್‌ನ ಚಿಲಕ ತೆಗೆದು ಕೆಳಗೆ ಬಾಗಿಸಿ, ಗುಂಡು ಕೂರುವ ಚೇಂಬರ್‌ನೊಳಗೆ ಕಣ್ಣಿಂದ ನೋಡಿ, ಕಿರುಬೆರಳಿಂದಲೂ ಮುಟ್ಟಿ ಖಾಲಿ ಎಂದು ಖಚಿತಪಡಿಸಿಕೊಳ್ಳಿ. ರಿಸೀವರ್‌ನ ಹಿಂತುದಿಯಲ್ಲಿ ಬಲಗಡೆ ಇರುವ ಸನ್ನೆಪಿನ್ನನ್ನು ಮೇಲಕ್ಕೆ ತಿರುಗಿಸಿ ಹೊರಗೆಳೆದರೆ ಮೇಲಿನ ಕವರ್, ಸ್ಪ್ರಿಂಗು, ಬೋಲ್ಟ್ ಕ್ಯಾರಿಯರ್, ಬೋಲ್ಟ್ ಒಂದರ ಹಿಂದೊಂದು ಬರುತ್ತವೆ. ಟ್ರಿಗರ್ ಜೋಡಣೆ ತೆಗೆಯಲು ಸೇಫ್ಟಿ ಹಾಕಿ, ಟ್ರಿಗರ್ ಗಾರ್ಡ್‌ನ ಹಿಂದಿನ ಕೊಂಡಿಯನ್ನು ಪಂಚ್‌ನಿಂದ ಒತ್ತಬೇಕು. ಬಯೋನೆಟ್ ಅರ್ಧ ತೆರೆದಿಟ್ಟುಕೊಂಡರೆ ಮಾತ್ರ ಸ್ಟಾಕ್ (ಬಂದೂಕಿನ ಮರದ ಭಾಗ) ಬಿಡುತ್ತದೆ. ಇದು ತಿಳಿಯದೆ ಎಳೆದಾಡಿ ಮರ ಸೀಳಿಸುವವರೇ ಹೆಚ್ಚು.

ಗ್ಯಾಸ್ ಟ್ಯೂಬ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಿಂದಿನ ಸೈಟ್‌ನ ಬಲಗಡೆಯ ಸನ್ನೆಯನ್ನು ಟ್ಯೂಬ್ ಬಿಡುವಷ್ಟೇ ಎತ್ತಿ. ಅತಿಯಾಗಿ ತಿರುಗಿಸಿದರೆ ಸೈಟ್ ಬ್ಲಾಕ್‌ನೊಳಗಿನ ತಳ್ಳುಕಡ್ಡಿ ಸ್ಪ್ರಿಂಗಿನ ಬಲಕ್ಕೆ ಚಿಮ್ಮಿ ಬರುತ್ತದೆ.

ಹಳೆಯ ರಕ್ಷಣಾ ಗ್ರೀಸ್ ಗಟ್ಟಿಯಾಗಿ ಅಂಟಿರುತ್ತದೆ. ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ ಬಟ್ಟೆಯಿಂದ ಒರೆಸಿದರೆ ಸಾಕು. ತಂತಿ ಬ್ರಷ್, ಮರಳು ಕಾಗದ ಹತ್ತಿರಕ್ಕೂ ತರಬೇಡಿ, ಮುಂದೆ ನೋಡಬೇಕಾದ ಸಾಕ್ಷ್ಯವೆಲ್ಲ ಲೋಹದ ಮೇಲ್ಪದರದಲ್ಲೇ ಇದೆ. ರಿಸೀವರ್ ನಂಬರಿನ ಮೇಲಂತೂ ಏನನ್ನೂ ಉಜ್ಜಬೇಡಿ. ಅಮೆರಿಕದಲ್ಲಿ ಸೀರಿಯಲ್ ನಂಬರು ಅಳಿಸಿದ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ.

ವರ್ಷ ಮೊದಲು, ಭಾಗಗಳು ಆಮೇಲೆ

ರಿಸೀವರ್‌ನ ಎಡಬದಿಯಲ್ಲಿ ಕಾರ್ಖಾನೆಯ ಗುರುತು ಮತ್ತು ನಂಬರು ಇರುತ್ತವೆ. ಹೆಚ್ಚು ಸಿಗುವುದು ತ್ರಿಕೋನದೊಳಗೆ 26 ಎಂದಿರುವುದು, ಅಂದರೆ ಚೊಂಗ್‌ಚಿಂಗ್‌ನ ಜಿಯಾನ್‌ಶೆ ಕಾರ್ಖಾನೆಯದು. ಇದರ ಏಳೆಂಟು ಅಂಕಿಯ ನಂಬರಿನಲ್ಲಿ ಕೊನೆಯ ಆರು ಅಂಕಿ ಬಿಟ್ಟು ಮುಂದೆ ಉಳಿದದ್ದಕ್ಕೆ 1955 ಕೂಡಿಸಿದರೆ ತಯಾರಾದ ವರ್ಷ ಸಿಗುತ್ತದೆ ಎಂಬುದು ಸಂಗ್ರಾಹಕರ ಲೆಕ್ಕ. 9ರಿಂದ ಶುರುವಾಗುವ ಏಳಂಕಿ ಇದ್ದರೆ 1964. 24ರಿಂದ ಶುರುವಾಗುವ ಎಂಟಂಕಿ ಇದ್ದರೆ 1979. ಸೋವಿಯತ್ ನೆರವಿನಿಂದ ತಯಾರಾದ ಮೊದಲ ವರ್ಷಗಳ ರೈಫಲ್‌ಗಳ ನಂಬರು ಚಿಕ್ಕದು, ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಬೇರೆ ಕಾರ್ಖಾನೆಗಳ ಗುರುತಿರುವವಕ್ಕೂ ಇದನ್ನು ಕಣ್ಣುಮುಚ್ಚಿ ಹಚ್ಚಬಾರದು.

ವರ್ಷ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಟೈಪ್ 56 ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಬಯೋನೆಟ್ಟನ್ನೇ ತೆಗೆದುಕೊಳ್ಳಿ. ಮೊದಲು ಇದ್ದದ್ದು ಸೋವಿಯತ್ ರೀತಿಯ ಚೂರಿ ಅಲಗು. 1960ರ ದಶಕದ ನಡುವಿನಿಂದ ಬಂದದ್ದು ಚೀನೀಯರದೇ ಆದ ಚೂಪು ಸಲಾಕೆಯ ಬಯೋನೆಟ್. 1960ರ ರೈಫಲ್‌ನಲ್ಲಿ ಸಲಾಕೆ ಕಂಡರೂ, 1975ರದರಲ್ಲಿ ಅಲಗು ಕಂಡರೂ ಬದಲಾಗಿದೆ ಎಂದೇ ತಿಳಿಯಿರಿ. ಬದಲಾವಣೆಯ ಆಸುಪಾಸಿನ ಒಂದೆರಡು ವರ್ಷದವುಗಳಲ್ಲಿ ಮಾತ್ರ ತೀರ್ಪು ಕೊಡುವ ಅವಸರ ಬೇಡ. ಆಗ ಸ್ಟಾಕ್‌ನ ಅಡಿಯ ತೋಡಿನಲ್ಲಿ ನೋಡಿ: ವರ್ಷಗಟ್ಟಲೆ ಮಡಚಿಟ್ಟ ಬಯೋನೆಟ್ ಮರದಲ್ಲಿ ತನ್ನದೇ ಆಕಾರದ ಒತ್ತುಗುರುತು ಬಿಟ್ಟಿರುತ್ತದೆ. ಗುರುತು ಒಂದು ಆಕಾರದ್ದು, ಈಗಿರುವ ಬಯೋನೆಟ್ ಇನ್ನೊಂದು ಆಕಾರದ್ದಾದರೆ ಸ್ಟಾಕೋ ಬಯೋನೆಟ್ಟೋ ಎರಡರಲ್ಲೊಂದು ಹೊರಗಿನದು. ಅದನ್ನು ಹಿಡಿದಿರುವ ಸ್ಕ್ರೂವಿನ ತಲೆಯೂ ಮಾತಾಡುತ್ತದೆ. ಸೀಳಿನ ಅಂಚು ಹೊಸದಾಗಿ ಎದ್ದು ಹೊಳೆಯುತ್ತಿದ್ದರೆ ಇತ್ತೀಚೆಗೆ ಯಾರೋ ಬಿಚ್ಚಿದ್ದಾರೆ.

ಟ್ರಿಗರ್ ಗಾರ್ಡ್ ಹಳೆಯವುಗಳಲ್ಲಿ ಗಟ್ಟಿ ಉಕ್ಕನ್ನು ಕಡಿದು ಮಾಡಿದ್ದು, ನಂತರದವುಗಳಲ್ಲಿ ತಗಡು ಒತ್ತಿ ಮಾಡಿದ್ದು. ಕಡಿದದ್ದರ ಅಂಚು ದಪ್ಪ, ಮೇಲೆ ಕಟರ್ ಓಡಿದ ಸಣ್ಣ ಗೆರೆಗಳಿರುತ್ತವೆ. ಒತ್ತಿದ್ದು ತೆಳು, ಬಾಗಿದ ಕಡೆ ದುಂಡಗಿರುತ್ತದೆ. ನಳಿಗೆಯನ್ನು ಮೊದಲು ರಿಸೀವರ್‌ಗೆ ತಿರುಪು ಹಾಕಿ ಕೂರಿಸುತ್ತಿದ್ದರು, ಕೊನೆಕೊನೆಗೆ ಒತ್ತಿ ಕೂರಿಸಿ ಅಡ್ಡಪಿನ್ ಹೊಡೆದದ್ದೂ ಇದೆ. ಪಿನ್‌ನ ತುದಿ ರಿಸೀವರ್‌ನ ಮುಂಭಾಗದಲ್ಲಿ ಕಾಣುತ್ತದೆ. ಹಿಂದಿನ ಸೈಟ್‌ನ ಪಟ್ಟಿಯಲ್ಲಿ ಕದನದೂರದ (ಯುದ್ಧದಲ್ಲಿ ಸೈಟನ್ನು ಸಾಮಾನ್ಯವಾಗಿ ಇಡುವ ದೂರ) ಗುರುತು ಸೋವಿಯತ್ತರದಾದರೆ ರಷ್ಯನ್ ಅಕ್ಷರ П, ಕಮಾನಿನಂತೆ ಮೇಲ್ಗಡೆ ಮುಚ್ಚಿದ್ದು. 1970ರ ದಶಕದ ಚೀನೀ ರೈಫಲ್‌ನಲ್ಲಿ ಅದು ಕಂಡರೆ ಪಟ್ಟಿ ಬೇರೆಲ್ಲಿಂದಲೋ ಬಂದಿದೆ. ಮೊದಲ ವರ್ಷಗಳದರಲ್ಲಿ ಕಂಡರೆ ಅನುಮಾನ ಬೇಡ, ಆಗ ಸೋವಿಯತ್ ಭಾಗಗಳೇ ಬರುತ್ತಿದ್ದವು.

ನಂಬರನ್ನು ಓದುವ ಬಗೆ

ರಿಸೀವರ್ ಬಿಟ್ಟು ಬೋಲ್ಟ್, ಬೋಲ್ಟ್ ಕ್ಯಾರಿಯರ್, ಮೇಲಿನ ಕವರ್, ಟ್ರಿಗರ್ ಜೋಡಣೆ, ಮ್ಯಾಗಜಿನ್, ಸ್ಟಾಕ್‌ಗಳ ಮೇಲೆ ನಂಬರು ಹುಡುಕಿ. ಸ್ಪ್ರಿಂಗು, ಪಿನ್ನುಗಳ ಮೇಲೆ ನಂಬರಿರುವುದಿಲ್ಲ, ಅವುಗಳ ಮೂಲ ಪತ್ತೆಹಚ್ಚಲು ಹೊರಟರೆ ದಿನ ಹಾಳು.

ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಮತ್ತು ಒಂದು ಟಾರ್ಚ್ ಸಾಕು. ಟಾರ್ಚನ್ನು ಮೇಲಿಂದ ಬಿಡದೆ ಲೋಹದ ಮೈಗೆ ಹತ್ತಿಕೊಂಡಂತೆ ಪಕ್ಕದಿಂದ ಬಿಡಿ. ಕಾರ್ಖಾನೆಯಲ್ಲಿ ಪಂಚ್ ಬಿದ್ದ ಅಂಕಿಯ ಸುತ್ತ ಲೋಹ ತುಸು ಉಬ್ಬಿರುತ್ತದೆ, ವರ್ಷಗಳ ಬಳಕೆಯಲ್ಲಿ ಆ ಉಬ್ಬು ಸವೆದು ನುಣುಪಾಗಿರುತ್ತದೆ. ಹೊಸ ಪಂಚಾದರೆ ಉಬ್ಬಿನ ಅಂಚು ಉಗುರಿಗೆ ತರಚುತ್ತದೆ. ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಪ್ಪು ಲೇಪ) ಆದ ಭಾಗದಲ್ಲಿ ಅಂಕಿಯ ತಳವನ್ನೇ ನೋಡಿ: ಲೇಪಕ್ಕೆ ಮೊದಲು ಹೊಡೆದಿದ್ದರೆ ತಳವೂ ಕಪ್ಪು, ಆಮೇಲೆ ಹೊಡೆದಿದ್ದರೆ ತಳದಲ್ಲಿ ಬಿಳಿ ಉಕ್ಕು. ಬಿಳಿ ಕಂಡೊಡನೆ ಮೋಸ ಎನ್ನಬೇಡಿ, ದುರಸ್ತಿ ಕೇಂದ್ರದಲ್ಲೂ ಹಾಗೆ ಹೊಡೆದಿರಬಹುದು. ಆದರೆ ಅಲ್ಲಿ ಹೊಡೆದು ದಶಕಗಳಾಗಿದ್ದರೆ ಆ ಬಿಳಿ ಮಂಕಾಗಿ ಕಂದು ತಿರುಗಿರಬೇಕು. ಕನ್ನಡಿಯಂತೆ ಹೊಳೆಯುತ್ತಿದ್ದರೆ ಮಾತ್ರ ಕಾಸು ಕೊಡುವ ಮುನ್ನ ಯೋಚಿಸಿ.

ಹಳೆಯ ನಂಬರು ಉಜ್ಜಿ ಹೊಸತು ಹೊಡೆದ ಕಡೆ ಮೈ ತಟ್ಟೆಯಂತೆ ತುಸು ತಗ್ಗಾಗಿರುತ್ತದೆ. ಉಕ್ಕಿನ ಅಳತೆಪಟ್ಟಿಯ ಅಂಚನ್ನು ಅಡ್ಡಲಾಗಿಟ್ಟು ಹಿಂದಿನಿಂದ ಬೆಳಕು ಬಿಟ್ಟರೆ ನಡುವೆ ಸಂದು ಕಾಣುತ್ತದೆ. ರಿಸೀವರ್‌ನ 4, 7, 9 ಅಂಕಿಗಳ ಆಕಾರವನ್ನು ಉಳಿದ ಭಾಗಗಳದರ ಪಕ್ಕ ಫೋಟೊದಲ್ಲಿಟ್ಟು ಹೋಲಿಸಿ. ಮೋಸಗಾರರ ಅಚ್ಚು ಸಿಕ್ಕಿಬೀಳುವುದು ಹೆಚ್ಚಾಗಿ ಈ ಮೂರರಲ್ಲೇ. ವಿದ್ಯುತ್ ಪೆನ್ನಿನಲ್ಲಿ ಗೀಚಿದ ನಂಬರು ಬೇರೆ ಜಾತಿ: ತೆಳ್ಳಗೆ, ನಡುಗುವ ಗೆರೆ, ಸುತ್ತ ಉಬ್ಬಿಲ್ಲ. ಅದು ಹೆಚ್ಚಾಗಿ ಜೋಡಣೆಯ ಹೊತ್ತಿನದಲ್ಲ, ದುರಸ್ತಿಯ ನಂತರದ್ದು.

ಮರಕ್ಕೂ ಇದೇ ನ್ಯಾಯ. ಹಳೆಯ ಸ್ಟಾಕ್‌ನಲ್ಲಿ ಅಂಕಿಯ ಅಂಚಿನಲ್ಲಿ ನಾರು ಮುದುಡಿ, ಅರಗಿನ ಲೇಪ ಒಳಗೂ ಇಳಿದಿರುತ್ತದೆ. ಲೇಪದ ಮೇಲೆ ಹೊಡೆದಿದ್ದರೆ ಅಂಚಿನಲ್ಲಿ ಲೇಪ ಗಾಜಿನಂತೆ ಬಿರಿದು ಒಳಗೆ ತಿಳಿಬಣ್ಣದ ಮರ ಕಾಣುತ್ತದೆ. ಸ್ಟಾಕನ್ನು ಉಜ್ಜಿದ್ದಾರೆಯೇ ಎಂದು ತಿಳಿಯಲು ಹಿಂಬದಿಯ ಉಕ್ಕಿನ ಫಲಕದ ಸುತ್ತ ಬೆರಳಾಡಿಸಿ. ಮೊದಲಿಗೆ ಮರ, ಉಕ್ಕು ಒಂದೇ ಮಟ್ಟದಲ್ಲಿ ಕೂಡಿರುತ್ತವೆ. ಉಕ್ಕಿನ ಅಂಚು ಹೊರಚಾಚಿ ಬೆರಳಿಗೆ ತಗುಲಿದರೆ ಮರ ಸವೆಸಿದ್ದಾರೆ. ಗ್ಯಾಸ್ ಟ್ಯೂಬಿನ ಮೇಲಿನ ಮರದ ಬಣ್ಣ ಸ್ಟಾಕ್‌ಗೆ ಹೊಂದದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಬಿಸಿಗೆ ಅದು ಬೇಗ ಬಿರಿಯುತ್ತದೆ, ಬದಲಾಗುವುದು ಸಾಮಾನ್ಯ.

ಆಮದಿನ ಗುರುತುಗಳು

ಅಮೆರಿಕದಲ್ಲಿ 1968ರ ಕಾನೂನಿನ ನಂತರ ಆಮದಾದ ಬಂದೂಕಿನ ಮೇಲೆ ಆಮದುದಾರರ ಹೆಸರು, ಊರು ಕೆತ್ತಬೇಕು. 1980ರ ದಶಕದಿಂದ, 1994ರಲ್ಲಿ ಚೀನೀ ಬಂದೂಕುಗಳ ಆಮದು ನಿಲ್ಲುವವರೆಗೆ ಬಂದವುಗಳಲ್ಲಿ ಇದು ಇರಲೇಬೇಕು. ವಿಯೆಟ್ನಾಂನಿಂದ ಸೈನಿಕರು ತಂದದ್ದೆಂದು ಹೇಳಿ ಮಾರುವವುಗಳಲ್ಲಿ ಗುರುತಿರುವುದಿಲ್ಲ, ಬೆಲೆಯೂ ಜಾಸ್ತಿ. ಅದಕ್ಕೇ ಗುರುತನ್ನು ಉಜ್ಜಿ ಮಾರುತ್ತಾರೆ. ನಳಿಗೆಯ ಉದ್ದಕ್ಕೂ ಬೆಳಕು ಬಿಟ್ಟು ಚಪ್ಪಟೆಯಾದ ತಾಣ ಹುಡುಕಿ. ಅದಕ್ಕಿಂತ ಸುಲಭದ ಪರೀಕ್ಷೆ ವರ್ಷ: ಅಮೆರಿಕದ ಪಡೆಗಳು 1973ರ ಮಾರ್ಚ್‌ನಲ್ಲಿ ಹೊರಟುಹೋದವು. ತ್ರಿಕೋನ 26ರ ಗುರುತಿದ್ದು ನಂಬರು 19ರಿಂದ ಶುರುವಾಗುವ ಎಂಟಂಕಿಯಾಗಿದ್ದರೆ ಅದು 1974ರದು, ಕಥೆ ಎಷ್ಟೇ ಚೆನ್ನಾಗಿರಲಿ ಬೆಲೆ ಕೊಡಬೇಡಿ. ಸೈನ್ಯ ಕೊಟ್ಟ ಪರವಾನಗಿ ಪತ್ರ ತೋರಿಸಿದರೆ ಅದರಲ್ಲಿನ ನಂಬರು ರಿಸೀವರ್‌ನದರೊಂದಿಗೆ ಅಂಕಿ ಅಂಕಿಯೂ ಕೂಡಬೇಕು.

ಕೆನಡಾದಿಂದ ಬಂದ ಮ್ಯಾಗಜಿನ್‌ನಲ್ಲಿ ರಿವೆಟ್ ಕಾಣುವುದುಂಟು. ಅಲ್ಲಿನ ಐದು ಗುಂಡಿನ ಮಿತಿಗಾಗಿ ಹೊಡೆದದ್ದು, ಚೀನೀ ಕಾರ್ಖಾನೆಯದಲ್ಲ.

ಪ್ಲಾಸ್ಟಿಕ್ ಮಡಚು ಸ್ಟಾಕ್, ಕಳಚುವ ಮ್ಯಾಗಜಿನ್, ಟೆಲಿಸ್ಕೋಪ್ ಕೂರಿಸುವ ಕವರ್ ಇವೆಲ್ಲ ಮಾರುಕಟ್ಟೆಯ ಸರಕು, ನೋಡಿದೊಡನೆ ಗೊತ್ತಾಗುತ್ತದೆ. ಹಳೆಯ ಭಾಗಗಳು ಪೆಟ್ಟಿಗೆಯಲ್ಲಿ ಉಳಿದಿವೆಯೇ ಎಂದು ಕೇಳಿ, ಇದ್ದರೆ ಮತ್ತೆ ಕೂರಿಸಬಹುದು. ರಿಸೀವರ್‌ನಲ್ಲಿ ತೂತು ಕೊರೆದಿದ್ದರೆ ಮಾತ್ರ ವಾಪಸು ದಾರಿಯಿಲ್ಲ. ಅಮೆರಿಕದವರು ಇನ್ನೊಂದು ನೆನಪಿಡಬೇಕು: ಸೈನ್ಯದ ರೂಪ ಬಿಟ್ಟು ಬೇರೆ ಜೋಡಣೆಗೆ ಹೋದರೆ, ಅಲ್ಲಿನ ಆಮದು ನಿಯಮದ 20 ಭಾಗಗಳ ಪಟ್ಟಿಯಲ್ಲಿ ಆಮದಿನವು 10ಕ್ಕಿಂತ ಹೆಚ್ಚಿರುವಂತಿಲ್ಲ.

ಬೋಲ್ಟ್ ಬದಲಾಗಿದೆ ಎಂದು ಗೊತ್ತಾದರೆ ಚೆಂದಕ್ಕಿಂತ ಸುರಕ್ಷತೆ ಮುಖ್ಯ, ಬೇರೆ ನಂಬರಿನ ಬೋಲ್ಟ್‌ಗೆ ಬಂದೂಕು ಮೆಕ್ಯಾನಿಕ್‌ನಿಂದ ಹೆಡ್‌ಸ್ಪೇಸ್ ಗೇಜ್ (ಬೋಲ್ಟ್, ಚೇಂಬರ್ ನಡುವಿನ ಅಂತರ ಅಳೆಯುವ ಸಾಧನ) ಹಾಕಿಸದೆ ಗುಂಡು ಹಾರಿಸಬಾರದು. ಬೋಲ್ಟ್‌ನೊಳಗೆ ಗುಂಡಿಗೆ ಹೊಡೆಯುವ ಫೈರಿಂಗ್ ಪಿನ್ ಸ್ಪ್ರಿಂಗಿಲ್ಲದೆ ತೂಗಾಡುವ ಬಗೆಯದು. ಅದರ ದಾರಿಯಲ್ಲಿ ಗ್ರೀಸ್ ಗಟ್ಟಿಯಾಗಿದ್ದರೆ ಪಿನ್ ಮುಂದೆಯೇ ಸಿಕ್ಕಿಕೊಂಡು, ಬೋಲ್ಟ್ ಮುಚ್ಚಿದೊಡನೆ ಟ್ರಿಗರ್ ಒತ್ತದೆಯೇ ಗುಂಡು ಹಾರುತ್ತದೆ. ಜೋಡಿಸುವ ಮೊದಲು ಬೋಲ್ಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಟಕಟಕ ಸದ್ದು ಸ್ಪಷ್ಟವಾಗಿ ಕೇಳಬೇಕು. ಕೇಳದಿದ್ದರೆ ಪಿನ್ ಹೊರತೆಗೆದು ದಾರಿ ತೊಳೆಯಿರಿ, ಮೊದಲ ಸಲ ಮ್ಯಾಗಜಿನ್‌ಗೆ ಎರಡೇ ಗುಂಡು ತುಂಬಿ.