ದೋಣಿ ನಿರಾಶ್ರಿತರ ಕುರಿತು ಸೆಮಿನಾರ್ ಪ್ರಬಂಧ ಬರೆಯುವುದು ಹೇಗೆ

ಕಲಬುರಗಿಯ ನಮ್ಮ ಪದವಿ ತರಗತಿಗಳಲ್ಲಿ ಯುದ್ಧದ ಬಳಿಕ ದೋಣಿಗಳಲ್ಲಿ ದೇಶ ಬಿಟ್ಟ ವಿಯೆಟ್ನಾಂ ನಿರಾಶ್ರಿತರ ವಿಷಯವನ್ನು ಆರಿಸಿಕೊಳ್ಳುವವರು ಸಾಮಾನ್ಯವಾಗಿ 1975ರ ಏಪ್ರಿಲ್ 30ರ ಸೈಗಾನ್ ಪತನದಿಂದ (ದಕ್ಷಿಣ ವಿಯೆಟ್ನಾಂ ರಾಜಧಾನಿ ಕಮ್ಯುನಿಸ್ಟರ ವಶವಾದ ದಿನ) ಆರಂಭಿಸಿ, ಕಡಲಿನ ಕಷ್ಟಗಳನ್ನು ಪುಟಗಟ್ಟಲೆ ವರ್ಣಿಸಿ, ಸರ್ಕಾರಗಳು ಮಾಡಿದ್ದೇನು ಎಂಬಲ್ಲಿಗೆ ಬರುವಷ್ಟರಲ್ಲಿ ಪ್ರಬಂಧವನ್ನೇ ಮುಗಿಸಿರುತ್ತಾರೆ. ನೀತಿಯೇ ನಿಮ್ಮ ವಿಷಯವಾದರೆ 1978ರ ನವೆಂಬರಿನಿಂದ ಹೊರಡಿ. ಸುಮಾರು 2,500 ಜನರನ್ನು ಹೊತ್ತ ಹೈ ಹಾಂಗ್ ಹಡಗು ಮಲೇಷ್ಯಾದ ಕ್ಲಾಂಗ್ ಬಂದರಿನ ಬಳಿ ಲಂಗರು ಹಾಕಿದಾಗ ಅಲ್ಲಿನ ಸರ್ಕಾರ ಅವರನ್ನು ಇಳಿಯಗೊಡಲಿಲ್ಲ. ಕೆನಡಾ, ಪಶ್ಚಿಮ ಜರ್ಮನಿ ಮೊದಲಾದ ದೇಶಗಳು ಕರೆದುಕೊಳ್ಳಲು ಒಪ್ಪಿದ ಮೇಲೆಯೇ ದಾರಿ ತೆರೆಯಿತು.

ಬಳಿಕ ಒಂದು ಹಾಳೆಯನ್ನು ನಡುವೆ ಮಡಚಿ, ಎಡಗಡೆ ಯಾರು ಏನು ಕೊಟ್ಟರು, ಬಲಗಡೆ ಏನು ಪಡೆದರು ಎಂದು ಬರೆಯಿರಿ. 1979ರ ಜೂನ್‌ನಲ್ಲಿ ಆಸಿಯಾನ್ (ಆಗ್ನೇಯ ಏಷ್ಯಾ ರಾಷ್ಟ್ರಗಳ ಕೂಟ) ದೇಶಗಳು ಇನ್ನು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಸಾರಿದವು. ಜುಲೈ 20 ಮತ್ತು 21ರಂದು ಜಿನೀವಾದಲ್ಲಿ 65 ದೇಶಗಳು ಸೇರಿದಾಗ ಪುನರ್ವಸತಿಯ, ಅಂದರೆ ಬೇರೆ ದೇಶಗಳು ಕರೆದುಕೊಂಡು ನೆಲೆಗೊಳಿಸುವ ಭರವಸೆ 1,25,000 ಜನರಿಂದ 2,60,000 ಜನರಿಗೆ ಏರಿತು. ಕರಾವಳಿ ದೇಶಗಳು ತಾತ್ಕಾಲಿಕ ಆಶ್ರಯಕ್ಕೆ ಒಪ್ಪಿದವು. ವಿಯೆಟ್ನಾಂ ಅಕ್ರಮ ನಿರ್ಗಮನವನ್ನು ತಡೆಯುವುದಾಗಿ ಹೇಳಿತು. ನನ್ನ ದೃಷ್ಟಿಯಲ್ಲಿ ಭಾಷಣಗಳಿಗಿಂತ ಈ ಕೊಡುಕೊಳ್ಳುವಿಕೆಯೇ ಮುಖ್ಯ. ಏಕೆಂದರೆ ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್‌ಗಳು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿರಲಿಲ್ಲವಾದ್ದರಿಂದ (ನಮ್ಮ ದೇಶವೂ ಹಾಕಿಲ್ಲ) ಆ ಒಡಂಬಡಿಕೆ ಮುಂದಿಟ್ಟು ಅವುಗಳನ್ನು ಬಗ್ಗಿಸುವಂತಿರಲಿಲ್ಲ.

ಪ್ರಬಂಧದ ಹೆಚ್ಚಿನ ಭಾಗವನ್ನು 1989ಕ್ಕೆ ಮೀಸಲಿಡಿ. ಒಮ್ಮೆ ಚಿತ್ತಾಪುರ ಕಡೆಯ ವಿದ್ಯಾರ್ಥಿನಿಯೊಬ್ಬಳು, "ಸರ, ನಮ್ಮೂರಾಗಿಂದ ಮುಂಬೈಗಿ ಗುಳೆ ಹೋಗ್ತಾರಲ್ರಿ, ಅವರೂ ನಿರಾಶ್ರಿತರೇನ್ರಿ?" ಎಂದು ಕೇಳಿದಳು. ತರಗತಿ ನಕ್ಕಿತು, ಆದರೆ ಸರ್ಕಾರಗಳು ಅಂದು ಬಿಡಿಸಲು ಹೊರಟಿದ್ದೂ ಹೊಟ್ಟೆಪಾಡಿಗೆ ಬಂದವರು ಯಾರು, ಕಿರುಕುಳಕ್ಕೆ ಹೆದರಿ ಬಂದವರು ಯಾರು ಎಂಬ ಇದೇ ಗಂಟನ್ನು. ಆಗ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್ 1988ರ ಜೂನ್ 16ರಿಂದಲೇ ಬಂದವರನ್ನು ವಿಚಾರಿಸಿ ಬೇರ್ಪಡಿಸತೊಡಗಿತ್ತು. 1989ರ ಜೂನ್‌ನಲ್ಲಿ ಜಿನೀವಾದಲ್ಲಿ ಒಪ್ಪಿದ ಸಮಗ್ರ ಕ್ರಿಯಾ ಯೋಜನೆ ಅದೇ ಕ್ರಮವನ್ನು ಉಳಿದೆಡೆಗೂ ತಂದಿತು. ವಿಚಾರಣೆಯಿಲ್ಲದೆ ನಿರಾಶ್ರಿತರೆಂದು ಒಪ್ಪಿಕೊಳ್ಳುವುದಕ್ಕೆ ಮಲೇಷ್ಯಾದಲ್ಲಿ ಗಡುವು ಅದೇ ವರ್ಷದ ಮಾರ್ಚ್ 14. ಅದರ ಹಿಂದಿನ ದಿನ ದಡ ಮುಟ್ಟಿದವನ ಹೆಸರು ನೇರವಾಗಿ ಪುನರ್ವಸತಿಯ ಸಾಲಿಗೆ ಸೇರಿದರೆ, ಮರುದಿನ ಬಂದ ಅವನ ತಮ್ಮ ಅಧಿಕಾರಿಯೆದುರು ಕುಳಿತು ತನಗೆ ಕಿರುಕುಳದ ಭಯವಿದೆಯೆಂದು ತೋರಿಸಿಕೊಡಬೇಕಿತ್ತು, ಇಲ್ಲವೇ ಹಿಂದಿರುಗಬೇಕಿತ್ತು. ಇಂಥ ಅಣ್ಣತಮ್ಮಂದಿರನ್ನು ಕಲ್ಪಿಸಿಕೊಂಡು ಒಂದು ಪರಿಚ್ಛೇದ ಬರೆದರೆ ಗಡುವಿನ ಅರ್ಥ ಓದುಗರಿಗೆ ತಾನಾಗಿ ತಿಳಿಯುತ್ತದೆ. ಕಲ್ಪನೆಯೆಂದು ಮಾತ್ರ ತಪ್ಪದೆ ಹೇಳಿ.

ಪದಗಳ ವಿಷಯದಲ್ಲಿ ಎಚ್ಚರವಿರಲಿ. 1989ರ ಡಿಸೆಂಬರ್ 12ರಂದು ಹಾಂಗ್‌ಕಾಂಗ್‌ನಿಂದ 51 ಜನರನ್ನು ವಿಮಾನ ಹತ್ತಿಸಿ ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಕಳುಹಿಸಿದ್ದನ್ನು ಬ್ರಿಟಿಷ್ ಸರ್ಕಾರ ಕಡ್ಡಾಯ ವಾಪಸಾತಿ ಎಂದರೆ, ವಿರೋಧಿಸಿದವರು ಬಲವಂತದ ವಾಪಸಾತಿ ಎಂದರು. ನಿಮ್ಮ ಪ್ರಬಂಧದಲ್ಲಿ ಎರಡೂ ಪದಗಳು ಬರಲಿ. ಯಾವುದು ಯಾರ ಮಾತು ಎಂಬುದನ್ನು ಪ್ರತಿಸಲವೂ ನಮೂದಿಸಿ.