ಗೇಟಿನ ಹೊರಗೆ ನಿಂತು ಬೈಸಿಕೊಳ್ಳುವ ಕೆಲಸ

ಮನೆ ಮನೆ ಪ್ರಚಾರಕ್ಕೆ ಹೊರಡುವವರು ಕರಪತ್ರವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ, ಬೈಸಿಕೊಳ್ಳಲು ತಯಾರಾಗಿರುವುದಿಲ್ಲ. ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ: ಸಿಟ್ಟಾದವರು ಬೇರೆ, ಜಗಳಕ್ಕೆಂದೇ ನಿಂತವರು ಬೇರೆ. ಸಿಟ್ಟಾದವರ ಮುಂದೆ ನೋಟ್‌ಬುಕ್ ತೆಗೆಯಬೇಕು; ಜಗಳಗಂಟರಿಗೆ ನಮಸ್ಕಾರ ಹೇಳಿ ಮುಂದಿನ ಮನೆಗೆ ನಡೆಯಬೇಕು.

ಒಂದು ಮನೆಗೆ ಮೂವರು ಸಾಕು: ಅದೇ ಬೀದಿಯವರೊಬ್ಬರು, ಒಬ್ಬ ಹೆಣ್ಣುಮಗಳು, ಮಾತಾಡುವವರೊಬ್ಬರು. ಹತ್ತು ಜನ ಶಲ್ಯ ಹೊದ್ದು ನಿಂತರೆ ಒಳಗಿನವರಿಗೆ ದಂಡು ಬಂದಂತೆ ಕಾಣುತ್ತದೆ. ಗೇಟು ನಾವೇ ತೆಗೆಯುವುದಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ಕರೆಯುತ್ತೇವೆ. ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುವ ಹೊತ್ತು, ಪಟ್ಟಣದಲ್ಲಿ ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಹೊತ್ತು ಬೇಡವೇ ಬೇಡ. ಮೊಬೈಲ್ ಜೇಬಿನಲ್ಲೇ ಇರಲಿ. ವಿಡಿಯೊ ಶುರುವಾದ ಕ್ಷಣ ಎದುರಿನವರು ನಮ್ಮ ಜೊತೆ ಮಾತಾಡುವುದನ್ನು ಬಿಟ್ಟು ಊರಿಗೆ ಕೇಳಲೆಂದು ಮಾತಾಡುತ್ತಾರೆ.

“ಐದು ವರ್ಷಕ್ಕೊಂದ್ಸಲ ಮುಖ ತೋರ್ಸಕ್ ಬಂದ್ರಾ?” ಎಂದು ಶುರುವಾದರೆ ತಡೆಯಬಾರದು. ಉಸಿರೆಳೆದುಕೊಳ್ಳಲು ಅವರೇ ನಿಲ್ಲಿಸುತ್ತಾರೆ. ಆಗ ಕೇಳಬೇಕಾದ್ದು: “ಯಾವ ತಿಂಗಳಿಂದ ದುಡ್ಡು ಬಂದಿಲ್ಲ ಅಮ್ಮ?”, “ಅರ್ಜಿ ಎಲ್ಲಿ ಕೊಟ್ಟಿದ್ರಿ ಅಣ್ಣ?” ತಿಂಗಳು, ಕಚೇರಿ, ಮೊತ್ತ ನೆನಪು ಮಾಡಿಕೊಳ್ಳುವಾಗ ದನಿ ತಾನಾಗಿ ಇಳಿಯುತ್ತದೆ. “ಸಮಾಧಾನ ಮಾಡ್ಕೊಳ್ಳಿ” ಎಂದರೆ ಏರುತ್ತದೆ. ಪ್ರಶ್ನೆಗೆ ಉತ್ತರ ಕೊಡದೆ ಬೈಗುಳವೇ ಮುಂದುವರಿದರೆ ಅವರು ಎರಡನೇ ಗುಂಪಿನವರು.

ಉತ್ತರ ಬಂದರೆ ಕೆಲಸ ಅಲ್ಲಿಂದ ಶುರು. ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿಲ್ಲವೇ? ಪಡಿತರ ಚೀಟಿಯಲ್ಲಿ ಯಜಮಾನಿ ಯಾರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಆಕೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುತ್ತಾರೆಯೇ ಎಂದು ಕೇಳುತ್ತೇನೆ. ಸರ್ಕಾರವೇ ಕಂತು ತಡಮಾಡಿದ್ದರೆ ಹೌದೆಂದು ಒಪ್ಪಿಕೊಳ್ಳಬೇಕು, ಅದು ನಮ್ಮದೇ ಪಕ್ಷದ್ದಾದರೂ ಸರಿ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಮೂನೆ 6, ವಿಳಾಸ ತಪ್ಪಿದ್ದರೆ ನಮೂನೆ 8. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ್ದರೆ ಆ ಚುನಾವಣೆಗೆ ಹೆಸರು ಸೇರದು. “ನೋಡೋಣ, ಮಾಡಿಸ್ಕೊಡ್ತೀವಿ” ಎನ್ನುವವರೇ ಮುಂದಿನ ಸಲದ ಸಿಟ್ಟನ್ನು ಬಿತ್ತಿ ಬರುವುದು. ಹೆಸರು, ಮನೆ ನಂಬರು, ವಿಷಯ, ತಾರೀಖು ಬರೆದುಕೊಂಡು ಗಟ್ಟಿಯಾಗಿ ಓದಿ ಹೇಳುತ್ತೇನೆ. ಅದಾದ ಮೇಲೆ ಓಟಿನ ಮಾತು ಎತ್ತುವುದು ಸಣ್ಣತನ. ಕರಪತ್ರ ಕೊಟ್ಟರೆ ಮುಗಿಯಿತು.

“ನಿಮ್ಮೋರೆಲ್ಲ ಕಳ್ರು” ಎಂದಾಗ ನಾಲಿಗೆ ತುದಿಗೆ ಬರುವ ಉತ್ತರ “ನಿಮ್ಮೋರೇನು ಕಮ್ಮಿನಾ?” ಕೆಲಸ ಹೆಚ್ಚು ಕೆಡುವುದು ಇಲ್ಲೇ. ಅಲ್ಲಿಯವರೆಗೆ ಅವರಿಗೆ ಯಾವ ಪಕ್ಷವೂ ಇರಲಿಲ್ಲ. ನಾವೇ ಒಂದನ್ನು ಕೊಟ್ಟೆವು, ಇನ್ನು ಅವರು ಹಿಂದೆ ಸರಿಯಲಾರರು.

ಟೀ ಅಂಗಡಿಯಲ್ಲಿ ಕಷ್ಟ ಜಾಸ್ತಿ, ಸುತ್ತ ಕೇಳುವವರಿರುತ್ತಾರೆ. ನಿಂತು ವಾದಿಸಬೇಡಿ, ಬೆಂಚಿನ ಮೇಲೆ ಕೂತುಬಿಡಿ. “ಅಣ್ಣ, ಸ್ವಲ್ಪ ಈ ಕಡೆ ಬನ್ನಿ” ಎಂದು ಪಕ್ಕಕ್ಕೆ ಕರೆದರೆ ಅರ್ಧ ಜನ ಮೆತ್ತಗಾಗುತ್ತಾರೆ. ಕುಡಿದವರ ಜೊತೆ ಇದ್ಯಾವುದೂ ನಡೆಯದು.

ಜಾತಿ, ಧರ್ಮದ ಹೆಸರಲ್ಲಿ ಕೆಣಕಿದರೆ ಉತ್ತರವೇ ಬೇಡ. ಅದರ ಮೇಲೆ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ರಡಿ ಭ್ರಷ್ಟ ಆಚರಣೆ, ನಮ್ಮ ಒಂದು ಮಾತು ಅಭ್ಯರ್ಥಿಯ ಕುತ್ತಿಗೆಗೆ ಬರಬಹುದು. ಮೈಮುಟ್ಟಿದರೆ, ಕರಪತ್ರ ಕಿತ್ತುಕೊಂಡರೆ, ಮನೆಯ ಹೆಣ್ಣುಮಕ್ಕಳ ಮಾತೆತ್ತಿದರೆ ಮೂವರೂ ಒಟ್ಟಿಗೆ ಹೊರಡಬೇಕು. ಬೆದರಿಕೆಯಿದ್ದರೆ 112. ಎದುರು ಪಕ್ಷದವರು ಹಣ, ಸೀರೆ ಹಂಚುವುದು ಕಂಡರೆ ಕೂಗಾಡದೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಹಾಕಿ. 100 ನಿಮಿಷದೊಳಗೆ ಕ್ರಮ ಎಂಬುದು ಆಯೋಗದ ಮಾತು. ಬೈದವರ ಮನೆ ಮುಂದೆ ಸಂಜೆ ಹುಡುಗರನ್ನು ಕರೆತಂದು ಘೋಷಣೆ ಕೂಗಿಸುವ ಚಾಳಿ ಕೆಲವರಿಗಿದೆ. ಮಾದರಿ ನೀತಿ ಸಂಹಿತೆ ಅದನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರವೇ ಇಲ್ಲ. ಒಳಗೆ ಕೂತ ನಮ್ಮ ಪಕ್ಷದ ಏಜೆಂಟರು “ಇವ್ನು ಆ ಮನೆಯವ್ನಲ್ಲ” ಎಂದು ಕೂಗಾಡುವ ಅಗತ್ಯವೂ ಇಲ್ಲ. ಅಧ್ಯಕ್ಷಾಧಿಕಾರಿಗೆ 2 ರೂಪಾಯಿ ಕಟ್ಟಿ ಗುರುತಿನ ಬಗ್ಗೆ ಆಕ್ಷೇಪ ಎತ್ತಬಹುದು, ವಿಚಾರಿಸಿ ತೀರ್ಮಾನಿಸುವುದು ಅವರ ಕೆಲಸ. ಕಾಟ ಕೊಡಲೆಂದೇ ಎತ್ತಿದ ಆಕ್ಷೇಪ ಎಂದು ಕಂಡರೆ ಆ 2 ರೂಪಾಯಿ ಸರ್ಕಾರಕ್ಕೆ ಮುಟ್ಟುಗೋಲು.