ಚಪ್ಪಲಿ ಶೀಟಿನ ಕವಚ, ಕಲಬುರಗಿಯಿಂದ ಹೈಟೆಕ್ಸ್‌ವರೆಗೆ

"ಈ ಊರ ಬಿಸಿಲಿಗೆ ಫೋಮ್ ಕವಚ ನಿಲ್ಲಂಗಿಲ್ಲ" ಅಂದವರು ಬಹಳ ಮಂದಿ. ಹೈದರಾಬಾದಿನ ಕಾಸ್‌ಪ್ಲೇ (ಕಥೆ, ಸಿನಿಮಾ ಪಾತ್ರಗಳ ವೇಷ ತೊಡುವ ಹವ್ಯಾಸ) ಗೆಳೆಯರು ಅಂದರು, ಬೆಂಗಳೂರಿನವರು ಅಂದರು, ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಚಪ್ಪಲಿ ಸಾಮಾನಿನ ಅಂಗಡಿ ಕಾಕಾ ಕೂಡ ಅಂದರು. ಕಾಮಿಕ್ಸ್ ಮೇಳವಾದ ಹೈದರಾಬಾದ್ ಕಾಮಿಕ್ ಕಾನ್‌ಗೆ ಹೋಗಿ, ಚಪ್ಪಲಿ ಶೀಟಿನಿಂದ ಮಾಡಿದ ಕವಚವನ್ನು ನಾನು ಹೈಟೆಕ್ಸ್ ಸಭಾಂಗಣದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ತೊಟ್ಟು ನಿಂತರೂ ಒಂದು ಜೋಡಣೆ ಬಿಚ್ಚಲಿಲ್ಲ. ಈಗ ಅವರೇ "ಹೆಂಗ ಮಾಡಿದಿ?" ಅಂತ ಕೇಳುತ್ತಿದ್ದಾರೆ. ಪ್ಯಾಟರ್ನ್ ತೆಗೆಯುವುದು, ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿಯುವುದು ಗೊತ್ತಿದ್ದವರಿಗಷ್ಟೇ ಈ ಬರಹ. ಗೊತ್ತಿಲ್ಲದವರು ಮೊದಲು ಒಂದು ಮುಂಗೈ ಪಟ್ಟಿ ಮಾಡಿ ಬನ್ನಿ.

ಆನ್‌ಲೈನಿನಲ್ಲಿ ಕಾಸ್‌ಪ್ಲೇ ಫೋಮ್ ಅಂತ ಮಾರುವುದೂ ಇವಿಎ ಎಂಬ ಪ್ಲಾಸ್ಟಿಕ್ ಫೋಮೇ, ಚಪ್ಪಲಿ ಅಟ್ಟೆಗೆ ಹಾಕುವ ಶೀಟೂ ಇವಿಎ. ವ್ಯತ್ಯಾಸ ಇರುವುದು ಗಡಸುತನದಲ್ಲಿ. ಕೆಳ ಅಟ್ಟೆಯ ಶೀಟು ಬೇಡ, ಬ್ಲೇಡು ಓಡುವುದಿಲ್ಲ, ಬಾಗುವುದೂ ಇಲ್ಲ. ಒಳಗೆ ಪಾದಕ್ಕೆ ಮೆತ್ತಗಿರಲಿ ಎಂದು ಹಾಕುವ ಶೀಟು ಕೇಳಿ. ಉಗುರಿನಿಂದ ಒತ್ತಿದರೆ ಗುರುತು ಬಿದ್ದು ಕ್ಷಣದಲ್ಲಿ ಎದ್ದುಬರಬೇಕು. ಎದೆ, ಬೆನ್ನಿಗೆ 10 ಎಂಎಂ, ತೋಳು ಮತ್ತು ಮೊಣಕಾಲಿಗೆ 6 ಎಂಎಂ, ಅಂಚುಪಟ್ಟಿಗೆ 2 ಎಂಎಂ. ಅಂಗಡಿಯಲ್ಲಿ ಕರಿ ಶೀಟೇ ಜಾಸ್ತಿ ಸಿಗುತ್ತದೆ. ಅದೇ ಒಳ್ಳೆಯದು, ಎಲ್ಲಾದರೂ ತರಚಿ ಬಣ್ಣ ಹೋದರೂ ಕಾಣುವುದಿಲ್ಲ.

ಯೋಗ ಮ್ಯಾಟ್ ತಂದು ದುಡ್ಡು ಕಳೆದುಕೊಳ್ಳುವವರು ಇನ್ನೂ ಇದ್ದಾರೆ. ಅದರಲ್ಲಿ ಬಹಳಷ್ಟು ಪಿವಿಸಿ, ಬಿಸಿ ಮಾಡಿದರೆ ಬರುವ ಹೊಗೆ ವಿಷ. ಟಿವಿ, ಫ್ರಿಜ್ ಸುತ್ತಿ ಬರುವ ಬಿಳಿ ಫೋಮ್ ಪಾಲಿಎಥಿಲೀನ್, ಅದಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬಣ್ಣ ಹೊಪ್ಪಳಿಕೆ ಏಳುತ್ತದೆ. ಸಂಶಯ ಬಂದರೆ ಎರಡಿಂಚು ತುಂಡಿಗೆ ಹೀಟ್ ಗನ್ ಹಿಡಿದು ನೋಡಿ. ಇವಿಎ ಆದರೆ ಮೇಲ್ಮೈ ತುಸು ಹೊಳಪು ಬಂದು ಮುಚ್ಚಿಕೊಳ್ಳುತ್ತದೆ, ಬಾಗಿಸಿ ಹಿಡಿದರೆ ತಣಿದ ಮೇಲೂ ಹಾಗೇ ನಿಲ್ಲುತ್ತದೆ. ಪಾಲಿಎಥಿಲೀನ್ ಮುದುಡಿ ಚಿಕ್ಕದಾಗುತ್ತದೆ.

ಮುಖ್ಯ ವಿಷಯ ಅಂಟು, ಜನ ಸೋಲುವುದೂ ಅಲ್ಲೇ. ಗ್ಲೂ ಗನ್ ಮರೆತುಬಿಡಿ. ಆ ಕಡ್ಡಿಗಳು 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತವೆ. ಬೇಸಿಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಏಳಲು ಹೊತ್ತು ಬೇಕಿಲ್ಲ. ಕ್ವಿಕ್ ಅಂಟು ಒಣಗಿದರೆ ಗಾಜಿನಂತೆ ಗಡಸು, ಮೊಣಕೈ ಮಡಿಸಿದ ಕೂಡಲೇ ಟಕ್ಕನೆ ಬಿರಿಯುತ್ತದೆ. ಉಳಿಯುವುದು ಚಪ್ಪಲಿ ಹೊಲಿಯುವವರ ಸಲೂಷನ್. ನಾನು ಬಳಸುವುದು ಫೆವಿಕಾಲ್ ಎಸ್‌ಆರ್ 998, ಇದೇ ಜಾತಿಯ ಬೇರೆಯದೂ ನಡೆಯುತ್ತದೆ.

ಸಲೂಷನ್ ಹಚ್ಚಿ 10-15 ನಿಮಿಷ ಬಿಟ್ಟು ಒತ್ತಿ ಅಂತ ಎಲ್ಲ ವಿಡಿಯೊದಲ್ಲೂ ಹೇಳುತ್ತಾರೆ. ಆ ಲೆಕ್ಕ ನಮ್ಮ ಏಪ್ರಿಲ್, ಮೇ ತಿಂಗಳಿಗೆ ಕೂಡುವುದಿಲ್ಲ. 42 ಡಿಗ್ರಿಯ ಒಣ ಗಾಳಿಯಲ್ಲಿ ಮೂರು-ನಾಲ್ಕು ನಿಮಿಷಕ್ಕೇ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಇನ್ನೂ ಹಸಿ. ಮುಟ್ಟಿದರೆ ಒಣಗಿದಂತೆಯೇ ಅನಿಸುತ್ತದೆ. ಹಾಗೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಬಿದ್ದು, ಮರುದಿನ ಬಿಸಿಲಿಗೆ ಆವಿಯಾಗಿ ಜೋಡಣೆಯನ್ನು ಒಳಗಿನಿಂದ ದಬ್ಬುತ್ತದೆ. ಬಿಸಿಲಿಗೆ ಅಂಟು ಕರಗಿತು ಅಂತ ಜನ ಹೇಳುವುದರಲ್ಲಿ ಅರ್ಧಕ್ಕರ್ಧ ಇದೇ.

ಹಾಗಾಗಿ ಅಂಟಿನ ಕೆಲಸವೆಲ್ಲ ನಸುಕಿನ 5ರಿಂದ 8ರೊಳಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಕತ್ತರಿಸಿದ ಅಂಚು ಸಲೂಷನ್ ಹೀರಿಕೊಳ್ಳುತ್ತದೆ. ಅದಕ್ಕೆ ಮೊದಲ ಕೈ ತೀರ ತೆಳ್ಳಗೆ ಹಚ್ಚಿ ಪೂರ್ತಿ ಒಣಗಲು ಬಿಡಿ, ಬೆಳಗಿನ ಹೊತ್ತಿಗೆ ಕಾಲು ಗಂಟೆ ಸಾಕು. ಎರಡನೇ ಕೈಯೂ ತೆಳ್ಳಗೇ. ಐದಾರು ನಿಮಿಷ ಕಳೆದು ಬೆರಳ ಗೆಣ್ಣಿನಿಂದ ಮುಟ್ಟಿ, ನೂಲು ಎದ್ದರೆ ಇನ್ನೂ ಕಾಯಬೇಕು. ಒತ್ತುವಾಗ ಎರಡು ತುದಿ ಮೊದಲು ಕೂಡಿಸಿ, ಆಮೇಲೆ ನಡುಮಧ್ಯ, ಆಮೇಲೆ ಉಳಿದದ್ದು. ಒಂದು ತುದಿಯಿಂದ ಶುರುಮಾಡಿದರೆ ಕೊನೆಗೆ ಅರ್ಧ ಇಂಚು ಹೆಚ್ಚಿಗೆ ಉಳಿದು ಎದೆ ಸೊಟ್ಟಾಗುತ್ತದೆ. ಒಮ್ಮೆ ಕೂಡಿತೆಂದರೆ ಎಬ್ಬಿಸಿ ಸರಿಸುವ ಮಾತಿಲ್ಲ. ಒಂದು ದಿನ ಎಳೆಯಬೇಡಿ, ಬಾಗಿಸಬೇಡಿ.

ಮಳೆಗಾಲದಲ್ಲಿ ತೊಂದರೆ ಉಲ್ಟಾ. ದ್ರಾವಕ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬೆಳ್ಳಗೆ ಮಂಜು ಕಟ್ಟಿದಂತೆ ಕಾಣುತ್ತದೆ. ಅಂಥದ್ದನ್ನು ಒತ್ತಿ ಲಾಭವಿಲ್ಲ, ಕೆರೆದು ಮತ್ತೆ ಹಚ್ಚಬೇಕು.

ಇನ್ನೊಂದು: ಮೊದಲು ಬಾಗಿಸುವುದು, ಆಮೇಲೆ ಅಂಟಿಸುವುದು. ಅಂಟಿಸಿದ ಮೇಲೆ ಹೀಟ್ ಗನ್ ಹಿಡಿದರೆ ಸಲೂಷನ್ ಮೆತ್ತಗಾಗಿ ಜೋಡಣೆ ಬಾಯಿ ಬಿಡುತ್ತದೆ. ತೆರೆದ ಡಬ್ಬಿ ಹತ್ತಿರ ಹೀಟ್ ಗನ್ ಹಚ್ಚಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಅಂಟಿನ ಕೆಲಸ ಮಾಳಿಗೆ ಮೇಲೆ, ಬಯಲಲ್ಲಿ. ಬಟ್ಟೆಯ ಮಾಸ್ಕಿನಿಂದ ಉಪಯೋಗವಿಲ್ಲ, ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು, ಅದರಲ್ಲಿ ಉಳಿತಾಯ ಮಾಡಬೇಡಿ. ಹೀಟ್ ಗನ್ 1,800 ವ್ಯಾಟ್ ಎಳೆಯುತ್ತದೆ, ಮನೆಯ ಇನ್ವರ್ಟರ್ ಮೇಲೆ ಓಡುವುದಿಲ್ಲ. ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ಕೂರಬೇಕು. ಭುಜದ ತಟ್ಟೆಗೆ ಗುಂಡು ಆಕಾರ ಬರಲು ಬಿಸಿ ಶೀಟನ್ನು ಯಾವುದರ ಮೇಲೆ ಒತ್ತುತ್ತೇನೆ ಎಂಬುದನ್ನು ಹೇಳುವುದಿಲ್ಲ. ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಿ.

ಬಣ್ಣಕ್ಕೆ ಮುಂಚೆ ರಂಧ್ರ ಮುಚ್ಚಬೇಕಲ್ಲ, ಅದಕ್ಕೆ ಹೊರದೇಶದವರು ಹೇಳುವ ರಬ್ಬರ್ ಸ್ಪ್ರೇ ಒಂದು ಕವಚಕ್ಕೆ ನಾಲ್ಕು ಡಬ್ಬಿ ಬೇಕು, ಕೈಗೆಟುಕುವ ಮಾತಲ್ಲ. ಬಿಳಿ ಫೆವಿಕಾಲ್‌ಗೆ ಸಮ ನೀರು ಬೆರೆಸಿ ಐದಾರು ಕೈ ಹಚ್ಚುವುದು ಹಳೆಯ ಉಪಾಯ. ಹೊಳಪು ಚೆಂದ ಬರುತ್ತದೆ, ಆದರೆ ಬಾಗಿದಲ್ಲಿ ಬಿರುಕು, ಬೆವರು ತಾಗಿದಲ್ಲಿ ಜಿಗುಟು. ನನಗೆ ಕೈ ಹಿಡಿದದ್ದು ಮಾಳಿಗೆ ಸೋರದಂತೆ ಹಚ್ಚುವ ಬಿಳಿ ಅಕ್ರಿಲಿಕ್ ವಾಟರ್‌ಪ್ರೂಫ್ ಕೋಟಿಂಗ್. ಬಿಸಿಲಿಗೆ ಹಿಗ್ಗಿ ಕುಗ್ಗುವ ಸ್ಲ್ಯಾಬಿಗೆಂದೇ ಮಾಡಿದ್ದು, ಫೋಮ್ ಜೊತೆ ಬಾಗದೆ ಏನು ಮಾಡೀತು? ಮೊದಲ ಕೈಗೆ ಕಾಲು ಪಾಲು ನೀರು, ಮುಂದಿನ ಎರಡು ಕೈಗೆ ನೀರಿಲ್ಲ. ಬ್ರಷ್ಷಿನ ಗೆರೆ ಉಳಿಯದಿರಲು ಸ್ಪಂಜಿನಿಂದ ತಟ್ಟಿ. ಪೇಂಟರ್‌ಗಳ ಕರಿ ಸ್ಟೇನರ್ ಹಾಕಿದರೆ ಒಂದೇ ಸಲಕ್ಕೆ ಕಪ್ಪಾಗುತ್ತದೆ ಎಂದು ಟ್ಯೂಬ್ ಗಟ್ಟಲೆ ಸುರಿಯಬೇಡಿ, ಒಣಗುವುದೇ ಇಲ್ಲ. ಬೂದು ಬಣ್ಣ ಬರುವಷ್ಟು ಸಾಕು, ಅದರ ಮೇಲೆ ಕರಿ ಅಕ್ರಿಲಿಕ್, ಅದರ ಮೇಲೆ ಮ್ಯಾಟ್ ವಾರ್ನಿಶ್.

ಈ ಕೋಟಿಂಗಿಗೆ ಒಂದು ದುರ್ಗುಣ ಇದೆ. ಶಾಖಕ್ಕೆ ತುಸು ಅಂಟಂಟಾಗಿ, ಎರಡು ಭಾಗ ಎದುರುಬದುರು ಒತ್ತಿ ಇಟ್ಟರೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಬಿಡಿಸಿದರೆ ಬಣ್ಣ ಸಮೇತ ಕಿತ್ತು ಬರುತ್ತದೆ. ಟಾಲ್ಕಂ ಪೌಡರ್ ಉದುರಿಸಿ, ನಡುವೆ ಬಟರ್ ಪೇಪರ್ ಇಡಿ. ನ್ಯೂಸ್ ಪೇಪರ್ ಬೇಡ, ಅದರ ಅಕ್ಷರ ಅಚ್ಚಾಗುತ್ತದೆ. ವಾರ್ನಿಶ್‌ಗೆ ನಾನು ಇನ್ನೊಂದನ್ನೂ ಬೆರೆಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೆಳ್ಳಿ ಬಳ್ಳಿಯ ಕೆಲಸಕ್ಕೆ ಬಂದರೆ, ಕರಿ ಕವಚದ ಮೇಲೆ ಸಿಲ್ವರ್ ಪೇಂಟಿನ ಗೆರೆ ಎಳೆದರೆ ನಾಟಕದ ಸಾಮಾನಿನಂತೆ ಕಾಣುತ್ತದೆ. ಬೀದರ್ ಹತ್ತಿರವಿದ್ದೂ, ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಬಿದ್ರಿ ಕಲೆಯಿಂದ ಕಲಿಯದಿದ್ದರೆ ಹೇಗೆ? ತಾರ್ಕಶಿಯಲ್ಲಿ ಲೋಹಕ್ಕೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಫೋಮಿಗೂ ಅದೇ. ಶೀಟಿನ ದಪ್ಪದಲ್ಲಿ ಮೂರನೇ ಒಂದು ಪಾಲು ಆಳಕ್ಕೆ ಹೊಸ ಬ್ಲೇಡಿನಿಂದ ಗೀರಿ, ಹೀಟ್ ಗನ್ ಹಿಡಿದರೆ ಗೀರು ತಾನೇ ಬಾಯಿ ತೆರೆದು ಕಾಲುವೆಯಾಗುತ್ತದೆ. ಬಣ್ಣವೆಲ್ಲ ಮುಗಿದ ಮೇಲೆ ಎಸಿ, ಫ್ರಿಜ್ ರಿಪೇರಿಯವರು ಬಳಸುವ ಅಲ್ಯೂಮಿನಿಯಂ ಫಾಯಿಲ್ ಟೇಪನ್ನು 3 ಎಂಎಂ ಪಟ್ಟಿಯಾಗಿ ಸೀಳಿ, ಕಾಲುವೆಯೊಳಗೆ ಕೂರಿಸಿ, ಖಾಲಿ ಬಾಲ್‌ಪೆನ್ನಿನ ತುದಿಯಿಂದ ತಿಕ್ಕಬೇಕು. ಮೊಂಡು ಬ್ಲೇಡಿನಿಂದ ಗೀರಿದರೆ ಅಂಚು ಹರಿದು ಬಳ್ಳಿಯೆಲ್ಲ ಹಲ್ಲುಹಲ್ಲಾಗುತ್ತದೆ, ಅದಕ್ಕೇ ಎರಡಡಿ ಗೆರೆಗೊಮ್ಮೆ ಬ್ಲೇಡಿನ ತುದಿ ಮುರಿಯುತ್ತೇನೆ. ಭುಜ, ಮೊಣಕಾಲ ಕೆಳಗಿನ ತಟ್ಟೆ, ಎದೆಯ ನಡುಭಾಗ, ಇಷ್ಟಕ್ಕೇ ಇದು. ಬಾಗುವ ಕಡೆ ಫಾಯಿಲ್ ಸುಕ್ಕುಗಟ್ಟಿ ಹರಿಯುತ್ತದೆ.

ಕೋಟೆಯ ಮಣ್ಣಿನಿಂದಲೇ ಕಪ್ಪು ಬರಿಸಬಾರದೇಕೆ ಅಂತ ಒಬ್ಬ ಕೇಳಿದ, ಅದನ್ನೂ ನೋಡಿಯಾಯಿತು. ಬೀದರ್ ಕೋಟೆಯ ಆ ಮಣ್ಣು, ನವಸಾಗರ ಸೇರಿದ ಬಿಸಿ ದ್ರಾವಣ ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿಗೆ ಏನೂ ಮಾಡುವುದಿಲ್ಲ, ಬಿದ್ರಿಯ ಗುಟ್ಟೇ ಅದು. ಫೋಮಿನಲ್ಲಿ ಸತು ಎಲ್ಲಿಂದ ಬರಬೇಕು? ಕೆಸರು ಮೆತ್ತಿಕೊಂಡಿತು, ತೊಳೆದರೆ ಹೋಯಿತು. ಅದರ ಬದಲು ಎದೆಯ ನಡುವಿಗೆ ಒಂದು ನಿಜವಾದ ಬಿದ್ರಿ ಗುಂಡಿ ಕೂರಿಸಿದೆ, ನಾಲ್ಕುನೂರರ ಆಸುಪಾಸು ಆಯಿತು. ಮೇಳದಲ್ಲಿ ಜನ ನನ್ನ ಖಡ್ಗ ಬಿಟ್ಟು ಅದನ್ನೇ ಬಗ್ಗಿ ನೋಡುತ್ತಿದ್ದರು.

ಖಡ್ಗಕ್ಕೆ ಕಬ್ಬಿಣದ ಪಟ್ಟಿ ಹಾಕಿದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಪಿವಿಸಿ ಪೈಪ್ ಬೆನ್ನೆಲುಬು, ಎರಡು ಕಡೆ 6 ಎಂಎಂ ಫೋಮ್. ಐದಡಿಯದ್ದನ್ನು ನಡುವೆ ಎರಡಾಗಿಸಿ, ಒಂದರೊಳಗೊಂದು ಬಿಗಿಯಾಗಿ ಕೂರುವ ಪೈಪು ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ, ಒಂದೇ ಅಳತೆಯಲ್ಲೂ ಗೋಡೆಯ ದಪ್ಪ ಬೇರೆ ಬೇರೆ ಇರುತ್ತದೆ. ಒಳಪೈಪು ಒಂದು ಗೇಣಾದರೂ ಒಳಗೆ ಹೋಗದಿದ್ದರೆ ಖಡ್ಗ ತಲೆ ಅಲ್ಲಾಡಿಸುತ್ತದೆ.

ಶಿರಸ್ತ್ರಾಣದೊಳಗೆ 5 ವೋಲ್ಟಿನ 40 ಎಂಎಂ ಫ್ಯಾನು ಇಟ್ಟು ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಅರ್ಧ ನಿಮಿಷಕ್ಕೆ ನಿಂತುಬಿಡುತ್ತದೆ, ಫ್ಯಾನು ಕೆಟ್ಟಿತೆಂದು ಬಿಸಾಡುತ್ತಾರೆ. ಕೆಟ್ಟಿರುವುದಿಲ್ಲ. ಎಳೆತ ಬಹಳ ಕಡಿಮೆಯಾದರೆ ಫೋನ್ ಚಾರ್ಜ್ ಮುಗಿಯಿತೆಂದು ಪವರ್ ಬ್ಯಾಂಕೇ ಬಂದ್ ಆಗುತ್ತದೆ. ಎರಡು ಫ್ಯಾನ್ ಪ್ಯಾರಲಲ್ ಹಾಕಿ, ಒಂದು ಗಾಳಿ ಒಳಗೆಳೆಯಲಿ, ಒಂದು ಹೊರದಬ್ಬಲಿ. ಅಷ್ಟಕ್ಕೂ ನಿಲ್ಲುವ ಪವರ್ ಬ್ಯಾಂಕ್ ಇದ್ದರೆ ಒಂದು ಎಲ್‌ಇಡಿ ಪಟ್ಟಿಯನ್ನೂ ಸೇರಿಸಿ. ಬೆಲ್ಟು, ಬಕಲ್ಲು, ಟಿಚ್ ಬಟನ್ ಎಲ್ಲ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಸಿಗುತ್ತವೆ. ವೆಲ್ಕ್ರೊ ಹೊಲಿಸಿ, ಅಂಟಿಸಿದರೆ ಬೆವರಿಗೆ ಕಿತ್ತು ಬರುತ್ತದೆ.

ದುಡ್ಡು, ನೆನಪಿದ್ದಷ್ಟು: ಶೀಟುಗಳಿಗೆ 2,000 ಚಿಲ್ಲರೆ, ಸಲೂಷನ್ ಐನೂರರೊಳಗೆ, ಕೋಟಿಂಗ್ ಮತ್ತು ಬಣ್ಣ 900, ಬೆಲ್ಟು-ಬಕಲ್ಲು 400, ಫಾಯಿಲ್ ಟೇಪ್, ಫ್ಯಾನು, ಪೈಪು ಸೇರಿ 600. ಹೀಟ್ ಗನ್ ಮತ್ತು ಮಾಸ್ಕ್ ಬೇರೆ, ಎರಡೂ ಸೇರಿ ಎರಡೂವರೆ ಸಾವಿರ, ಅದು ಒಮ್ಮೆ ಮಾತ್ರ. ಬಿದ್ರಿ ಗುಂಡಿ ನನ್ನ ಚಟ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಂಥದ್ದನ್ನೇ ಮಾಡಿಕೊಡಲು ದೊಡ್ಡ ಊರಿನ ಒಬ್ಬರು ಹೇಳಿದ ರೇಟು 18,000, ಬಿದ್ರಿ ಬಳ್ಳಿ ಇಲ್ಲದೆ.

ಹೋಗುವ ವಿಚಾರ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಸಮೀಪ, ಬೀದರ್‌ನವರಿಗಂತೂ ಪಕ್ಕದ ಮನೆ. ಕಾನ್‌ನ ದಿನಾಂಕ ವರ್ಷ ವರ್ಷ ಒಂದೇ ಇರುವುದಿಲ್ಲ, ಟಿಕೆಟ್ ನೋಡಿಕೊಂಡೇ ಶೀಟು ಕತ್ತರಿಸಿ. ಕವಚದ ಯಾವ ಭಾಗವೂ 28 ಇಂಚು ಮೀರದಂತೆ ಪ್ಯಾಟರ್ನ್ ಹಂತದಲ್ಲೇ ಭಾಗ ಮಾಡಿಕೊಳ್ಳಿ. ಎದೆ, ಬೆನ್ನು ಬೇರೆ ಬೇರೆ, ಪಕ್ಕಕ್ಕೆ ಬಕಲ್, ಭುಜಕ್ಕೆ ಟಿಚ್ ಬಟನ್. ಬೆನ್ನಿನೊಳಗೆ ಎದೆ, ಎದೆಯೊಳಗೆ ಭುಜ, ಅದರೊಳಗೆ ಮುಂಗೈ ಕೂರಿಸಿದರೆ ಹಾಸಿಗೆ ತುಂಬುವ ಜಿಪ್ ಚೀಲ ಒಂದೇ ಸಾಕು. ಒಟ್ಟು ನಾಲ್ಕು ಕಿಲೊ ಒಳಗೆ. ಚೀಲವನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಮೇಲೆ ಯಾರದೋ ತೊಗರಿಬೇಳೆ ಮೂಟೆ ಬಿದ್ದರೆ ಎದೆ ಚಪ್ಪಟೆ. ಕಂಡಕ್ಟರ್ ಲಗೇಜು ಅಂದರೆ ಅದರ ದುಡ್ಡು ಕೊಟ್ಟು ಒಳಗೇ ಇಟ್ಟುಕೊಳ್ಳಿ. ರೈಲಿನಲ್ಲಿ ಹೋದರೆ ಖಡ್ಗ ನೋಡಿ ರೈಲ್ವೆ ಪೊಲೀಸರು ಕೇಳುವುದು ಸಹಜ, ಹಿಡಿಕೆಯ ಬುಡದಲ್ಲಿ ಬಣ್ಣ ಹಚ್ಚದೆ ಫೋಮ್ ಕಾಣುವಂತೆ ಒಂದಿಂಚು ಬಿಟ್ಟರೆ ಉಗುರಿನಿಂದ ಒತ್ತಿ ತೋರಿಸಬಹುದು. ಬಸ್ಸಿನಲ್ಲಿ ಜಹೀರಾಬಾದ್ ಮೇಲೆ ಹೋದರೆ ಪಟಾನ್‌ಚೆರು ದಾಟಿ ಲಿಂಗಂಪಲ್ಲಿ, ಮಿಯಾಪುರ ಕಡೆ ಇಳಿದು ಆಟೊ ಹಿಡಿಯಿರಿ. ಎಂಜಿಬಿಎಸ್ ಬಸ್ ನಿಲ್ದಾಣದವರೆಗೆ ಹೋದರೆ ಊರೆಲ್ಲ ದಾಟಿ ಮತ್ತೆ ವಾಪಸು ಬರಬೇಕು.

ಕಾನ್‌ನ ಕಾಸ್‌ಪ್ಲೇ ಸ್ಪರ್ಧೆಗೆ ಹೆಸರು ಕೊಡುವವರು ಪ್ರತಿ ಹಂತದ ಫೋಟೊ ಇಟ್ಟುಕೊಳ್ಳಿ, ಕೈಕೆಲಸ ನಿಮ್ಮದೇ ಎಂಬುದಕ್ಕೆ ಅದೇ ಸಾಕ್ಷಿ. ಸೊಂಟದ ಚೀಲದಲ್ಲಿ ಸಲೂಷನ್‌ನ ಚಿಕ್ಕ ಟ್ಯೂಬು, ಫಾಯಿಲ್ ಪಟ್ಟಿ, ಎರಡು ಬಕಲ್, ಕರಿ ಮಾರ್ಕರ್ ಇರಲಿ. ಸುಸ್ತಾದರೆ ಕೂರಲು ತೊಡೆಯ ತಟ್ಟೆ ಮೊದಲು ಬಿಚ್ಚಿ, ತೊಟ್ಟೇ ಕೂತರೆ ಸೊಂಟದ ಜೋಡಣೆಗೆ ಪೆಟ್ಟು. ಮನೆಗೆ ಬಂದ ಮೇಲೆ ಒಳಭಾಗ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ, ಎದೆಯೊಳಗೆ ಹಳೆ ಬಟ್ಟೆ ತುಂಬಿ ನಿಲ್ಲಿಸಿ ಇಡಿ. ಪತ್ರಾ ಛಾವಣಿ ಕೆಳಗಿನ ಅಟ್ಟದಲ್ಲಿ ಮಾತ್ರ ಬೇಡ, ಒಂದು ಬೇಸಿಗೆಗೆ ಭುಜದ ಗುಂಡು ಇಳಿದುಹೋಗುತ್ತದೆ.